ಬಲ್ಬು ಸುಟ್ಟರೆ ಬಲ್ಬನ್ನೇ ಬೈಯಬೇಡಿ

ನಮ್ಮ ಗುಂಪಿಗೊಂದು ಹಳೇ ಕಾರಿದೆ. ವರದಿಗೆಂದು ಊರೂರು ತಿರುಗಲು ನಾಲ್ವರು ದುಡ್ಡು ಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಕಳೆದ ವರ್ಷ ಮಳೆಗಾಲ ಶುರುವಾದಾಗಿನಿಂದ ದೀಪಾವಳಿಯೊಳಗೆ ಅದರ ಹೆಡ್‌ಲೈಟ್ ಬಲ್ಬು ನಾಲ್ಕು ಸಲ ಹೋಯಿತು. ಒಮ್ಮೆ ಎಡಗಡೆಯದು, ಒಮ್ಮೆ ಬಲಗಡೆಯದು. ಮೊದಲೆರಡು ಸಲ ನಾವೇ ಬದಲಾಯಿಸಿದೆವು. ಒಂದು ಸಲವಂತೂ ತೆರಕಣಾಂಬಿಯಲ್ಲಿ ಟೀ ಅಂಗಡಿ ಮುಂದೆ, ಬಜ್ಜಿ ತಿಂದ ಕೈಯಲ್ಲೇ.

ಮೂರನೇ ಸಲ ಒಬ್ಬ ಅಂಗಡಿಯವರು ಹೇಳಿದರು: "100/90 ಹಾಕ್ಸಿ ಸಾರ್, ಹಗಲಾಗೋಯ್ತದೆ." ಹಗಲಾಯಿತು ನಿಜ. ಎರಡೇ ವಾರಕ್ಕೆ ಬಲ್ಬಿನ ಹೋಲ್ಡರ್ ಕರಗಿ ಸುಟ್ಟ ಪ್ಲಾಸ್ಟಿಕ್ ವಾಸನೆಯೂ ಬಂತು. ಆಮೇಲೆ ಎಲ್‌ಇಡಿ ಹಾಕಿಸಿದೆವು. ಅದು ಸುಡಲಿಲ್ಲ. ಆದರೆ ಒಂದು ರಾತ್ರಿ ಗುಂಡ್ಲುಪೇಟೆಯಿಂದ ವಾಪಸ್ ಬರುವಾಗ, ಬೀನ್ಸ್ ಮೂಟೆ ಹಾಕಿಕೊಂಡು ಎದುರು ಬರುತ್ತಿದ್ದ ಮೊಪೆಡ್ಡು ಒಮ್ಮೆಗೇ ರಸ್ತೆ ಬಿಟ್ಟು ಪಕ್ಕದ ಮಣ್ಣಿಗಿಳಿಯಿತು. ನಾವು ನಿಲ್ಲಿಸಿ ಓಡಿಹೋದೆವು. ಪುಣ್ಯಕ್ಕೆ ಗಾಡಿ ಬಿದ್ದಿರಲಿಲ್ಲ. ಅರವತ್ತು ದಾಟಿದ ಹಿರಿಯರು. ಎರಡೂ ಕಾಲು ನೆಲಕ್ಕೂರಿಕೊಂಡು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಬೈಯಲಿಲ್ಲ. "ಕಾರಲ್ಲಿ ಕೂತವ್ರಿಗೆ ದಾರಿ ಕಂಡ್ರೆ ಸಾಕಾ ಮಕ್ಕಳೇ, ನಮ್ಗೆ ಕಾಣದು ಬ್ಯಾಡ್ವಾ?" ಅಂದರು. ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ.

ಈ ಬರಹ ಬರೆಯಲು ಕಾರಣ ಆ ಮಾತು. ಬೇರೆಯವರಿಗೆ ಬುದ್ಧಿ ಹೇಳುವ ಅರ್ಹತೆ ನಮಗಿಲ್ಲ, ತಪ್ಪು ಮಾಡಿದವರೇ ನಾವು. ಮಾಡಿದ ಮೇಲೆ ಏನು ಗೊತ್ತಾಯಿತು ಅನ್ನುವುದನ್ನಾದರೂ ಹೇಳಬಹುದು.

ಮರುದಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಬಲ್ಬನ್ನು ಮುಟ್ಟಲೇ ಇಲ್ಲ. ಇಂಜಿನ್ ಚಾಲೂ ಮಾಡಿಸಿ, ಬ್ಯಾಟರಿಗೆ ಮೀಟರ್ ಹಿಡಿದು, ಆಕ್ಸಿಲರೇಟರ್ ಒತ್ತಿ ಅಂದರು. ಮುಳ್ಳು 15 ದಾಟಿತು. "ಬ್ಯಾಟ್ರಿ ನೀರು ಬೇಗ ಖಾಲಿ ಆಯ್ತದಾ?" ಎಂದು ಕೇಳಿದರು. ಹೌದು, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಸುರಿಯುತ್ತಿದ್ದೆವು. ಹಳೇ ಬ್ಯಾಟರಿ ಅಲ್ವಾ ಅಂದುಕೊಂಡು ಸುಮ್ಮನಿದ್ದೆವು. ಕೆಟ್ಟಿದ್ದು ಆಲ್ಟರ್ನೇಟರಿನ ಕಟೌಟ್, ಅಂದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್. ಅದನ್ನು ಬದಲಾಯಿಸಿದ ಮೇಲೆ ಇವತ್ತಿನವರೆಗೆ ಒಂದು ಬಲ್ಬೂ ಹೋಗಿಲ್ಲ.

ನಮ್ಮ ಕಡೆಯ ಬಹಳಷ್ಟು ಹಳೇ ಕಾರು, ವ್ಯಾನುಗಳಲ್ಲಿರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್. ಇಂಜಿನ್ ಓಡುವಾಗ ಬ್ಯಾಟರಿಯ ಹತ್ತಿರ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ವೋಲ್ಟೇಜು ಶೇ 5ರಷ್ಟು ಏರಿದರೆ ಸಾಕು, ಬಲ್ಬಿನ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಎರಡೂ ಕಡೆಯವು ಪದೇ ಪದೇ ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ. ಒಂದೇ ಕಡೆಯದು ಹೋಗುತ್ತಿದ್ದರೆ ಆ ಬದಿಯ ಹೋಲ್ಡರ್ ಸಡಿಲವಾಗಿರಬಹುದು, ಅರ್ತ್ ವೈರು ತುಕ್ಕು ಹಿಡಿದಿರಬಹುದು, ಹಿಂದಿನ ರಬ್ಬರ್ ಕ್ಯಾಪ್ ಹರಿದು ಮಳೆನೀರು ಒಳಗೆ ಹೋಗುತ್ತಿರಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ಕಾದ ತಂತಿ ಅದುರಿ ತುಂಡಾಗುವುದೂ ಉಂಟು.

ಬಜ್ಜಿ ಕೈಯ ವಿಷಯ ತಮಾಷೆಗೆ ಹೇಳಿದ್ದಲ್ಲ. ಹ್ಯಾಲೊಜೆನ್ ಬಲ್ಬಿನ ಗಾಜು ವಿಪರೀತ ಕಾಯುತ್ತದೆ. ಬೆರಳಿನ ಜಿಡ್ಡು ತಗುಲಿದ ಜಾಗ ಇನ್ನೂ ಹೆಚ್ಚು ಕಾದು ಗಾಜು ಅಲ್ಲೇ ಸೋಲುತ್ತದೆ. ಹೊಸ ಬಲ್ಬನ್ನು ಲೋಹದ ಬುಡ ಹಿಡಿದೇ ಹಾಕಬೇಕು. ಗಾಜು ಮುಟ್ಟಿಬಿಟ್ಟರೆ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿದ ಮೇಲೆ ಹಾಕಿ. ಇನ್ನೊಂದು ವಿಷಯ: ಡಬ್ಬಿಯ ಮೇಲೆ ಶೇ 100, ಶೇ 130 ಹೆಚ್ಚು ಬೆಳಕು ಅಂತ ಬರೆದ ಬಲ್ಬುಗಳಿವೆ. ಅವುಗಳಲ್ಲಿ ಕಂಪನಿಯವು ಮೋಸವಲ್ಲ, ಆದರೆ ತಂತಿಯನ್ನು ಹೆಚ್ಚು ಕಾಯಿಸಿಯೇ ಆ ಬೆಳಕು ತೆಗೆಯುವುದರಿಂದ ಬಾಳಿಕೆ ಕಡಿಮೆ. ಬಲ್ಬು ಬೇಗ ಹೋಗುತ್ತದೆ ಎಂದು ಅಳುವವರು ಅದನ್ನೇ ಕೊಂಡರೆ ಹೇಗೆ?

100/90 ಬಗ್ಗೆ ನಮ್ಮ ಅಭಿಪ್ರಾಯ ನೇರ: ಬೇಡ. ಎರಡು 60 ವ್ಯಾಟ್ ಬಲ್ಬು ಸುಮಾರು 10 ಆಂಪಿಯರ್ ಎಳೆದರೆ, ಎರಡು 100 ವ್ಯಾಟಿನವು ಹದಿನಾರು ದಾಟುತ್ತವೆ. ಕಂಪನಿ ಹಾಕಿದ ವೈರು, ಸ್ವಿಚ್ಚು ಅಷ್ಟು ಹೊರೆಗೆ ಮಾಡಿದ್ದಲ್ಲ. ಒಳಗಿನ ಕನ್ನಡಿಯೂ ಶಾಖಕ್ಕೆ ಮಂಕಾಗುತ್ತದೆ. ಆಮೇಲೆ ಮೊದಲಿದ್ದ ಬೆಳಕೂ ಇಲ್ಲ.

ಎಲ್‌ಇಡಿ ಕತೆ ಬೇರೆ. ಕಂಪನಿಯಿಂದಲೇ ಎಲ್‌ಇಡಿ ದೀಪದೊಂದಿಗೆ ಬಂದ ಗಾಡಿಗಳ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಹ್ಯಾಲೊಜೆನ್ ಡೂಮಿನೊಳಗೆ ಎಲ್‌ಇಡಿ ತುರುಕುವುದರ ಬಗ್ಗೆ. ಎಚ್4 ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಪುಟ್ಟ ತಗಡಿನ ಬಟ್ಟಲಿರುತ್ತದೆ. ಬೆಳಕು ಎದುರಿನವರ ಕಣ್ಣಿಗೆ ಹೋಗದೆ ರಸ್ತೆಗೆ ಬೀಳುವಂತೆ ತಡೆಯುವುದು ಅದೇ. ತಂತಿ ಇರುವ ಜಾಗವನ್ನು ಅಳೆದು, ಅದಕ್ಕೆ ತಕ್ಕಂತೆ ಕನ್ನಡಿಯ ಬಾಗು ಮಾಡಿರುತ್ತಾರೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಲೆಕ್ಕ ತಪ್ಪಿ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಗಾಡಿಯ ಮುಂದೆ ಹತ್ತು ಮಾರು ಬೆಳ್ಳಗೆ ಹೊಳೆಯುವುದನ್ನು ನೋಡಿ ನಮಗೆ ಖುಷಿ, ದೂರದ ಗುಂಡಿ ಕಾಣುವುದು ಅಷ್ಟಕ್ಕಷ್ಟೇ. ನೀಲಿ ಬೆರೆತ ಆ ಬಿಳುಪು ವಯಸ್ಸಾದವರ ಕಣ್ಣಿಗೆ ಇನ್ನೂ ಹೆಚ್ಚು ಚುಚ್ಚುತ್ತದೆ.

ನಮ್ಮ ರಸ್ತೆ ಎಂಥದ್ದು ಅನ್ನುವುದನ್ನೂ ನೋಡಬೇಕು. ತೆರಕಣಾಂಬಿ ತರಕಾರಿ ಮಾರುಕಟ್ಟೆಯ ಊರು. ಟೊಮೆಟೊ, ಬೀನ್ಸ್, ಎಲೆಕೋಸು ಹೇರಿಕೊಂಡ ಗಾಡಿಗಳು ಕತ್ತಲಲ್ಲೇ ಓಡಾಡುತ್ತವೆ. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಕೇರಳಕ್ಕೆ ಹೋಗುವವರು ಒಂಬತ್ತರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಬೇಕೆಂದು ತುಳಿಯುತ್ತಾರೆ. ಅದೇ ಹೊತ್ತಿನಲ್ಲಿ ಹಾಲು ಹಾಕಿ ಬರುವವರು, ಹೊಲದಿಂದ ದನ ಹೊಡೆದುಕೊಂಡು ಬರುವವರು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರು, ಎಲ್ಲರೂ ಇರುವುದು ಈ ರಸ್ತೆಯಲ್ಲೇ. ಬೆಳಕಿಗೆ ಸಿಕ್ಕ ಜಿಂಕೆ ದಿಕ್ಕು ತೋಚದೆ ನಿಂತುಬಿಡುತ್ತದೆ ಎಂಬುದು ಕಾಡಂಚಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಡುಪ್ರಾಣಿಗಳ ಸಾವು ತಪ್ಪಿಸಲು ರಾತ್ರಿ ರಸ್ತೆಯನ್ನೇ ಮುಚ್ಚಿದ್ದೇವೆ. ಕಾಡಿನಾಚೆ ನಡೆದುಹೋಗುವ ಮನುಷ್ಯರಿಗೆ ಒಂದು ಡಿಮ್ ಕೊಡುವುದೂ ನಮಗೆ ಭಾರ.

ಹಾಗಂತ ಡ್ರೈವರುಗಳನ್ನಷ್ಟೇ ಬೈದು ಮುಗಿಸಲು ನಮಗೆ ಮನಸ್ಸಿಲ್ಲ. ಅಂಚಿನ ಬಿಳಿ ಗೆರೆ ಮಾಸಿಹೋದ, ತಿರುವಿನಲ್ಲಿ ಒಂದು ರಿಫ್ಲೆಕ್ಟರೂ ಇಲ್ಲದ ರಸ್ತೆಯಲ್ಲಿ ಓಡಿಸುವವನು ಹೆಚ್ಚು ಬೆಳಕು ಕೇಳುವುದು ಸಹಜ. ಒಂದು ಡಬ್ಬ ಬಣ್ಣದಲ್ಲಿ ಆಗುವ ಕೆಲಸವನ್ನು ಪ್ರತಿಯೊಬ್ಬರೂ ತಮ್ಮ ಜೇಬಿನಿಂದ ಬಲ್ಬು ಕೊಂಡು ಮಾಡಲು ಹೊರಟಿದ್ದೇವೆ.

2024ರ ಜುಲೈನಲ್ಲಿ ರಾಜ್ಯದಾದ್ಯಂತ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ಶುರುಮಾಡಿದರು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಅದೇ ದೀಪ ಹಗಲಲ್ಲಿ ಅಂಗಡಿಯ ಮುಂದೆ ರಾಜಾರೋಷವಾಗಿ ತೂಗುತ್ತಿರುತ್ತದೆ. ಮಾರುವವರನ್ನು ಬಿಟ್ಟು ಕೊಂಡವರನ್ನು ಮಾತ್ರ ಹಿಡಿದರೆ ದಂಡ ಕಟ್ಟಿದವನು ಮರುದಿನವೂ ಅದೇ ದೀಪದಲ್ಲೇ ಹೋಗುತ್ತಾನೆ.

ಹೆಚ್ಚು ಬೆಳಕು ನಿಜಕ್ಕೂ ಬೇಕಿದ್ದರೆ ದಾರಿಯಿದೆ. ಡೂಮಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಮೊದಲು ಅದನ್ನು ಪಾಲಿಶ್ ಮಾಡಿಸಿ, ಅಷ್ಟರಲ್ಲೇ ಬಹಳ ಜನರಿಗೆ ಕೆಲಸ ಮುಗಿಯುತ್ತದೆ. ಹಳೇ ಗಾಡಿಯಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಬರುವಷ್ಟರಲ್ಲಿ ಒಂದೆರಡು ವೋಲ್ಟ್ ದಾರಿಯಲ್ಲೇ ಸೋರಿಹೋಗುವುದುಂಟು. ಫ್ಯೂಸ್ ಇರುವ ರಿಲೇ ವೈರಿಂಗ್ ಹಾಕಿಸಿದರೆ 60/55 ಬಲ್ಬೇ ಚೆನ್ನಾಗಿ ಉರಿಯುತ್ತದೆ. ಆದರೆ ಅದಕ್ಕೂ ಮೊದಲು ಮೀಟರ್ ಹಿಡಿಸಿ ನೋಡಿ. ಚಾರ್ಜಿಂಗ್ ಹೆಚ್ಚಿರುವ ಗಾಡಿಗೆ ರಿಲೇ ಹಾಕಿದರೆ ಬಲ್ಬು ಇನ್ನೂ ಬೇಗ ಹೋಗುತ್ತದೆ. ಬಲ್ಬಿನ ಬುಡದಲ್ಲಿ ವೃತ್ತದೊಳಗೆ 'ಇ' ಎಂಬ ಇಂಗ್ಲಿಷ್ ಅಕ್ಷರವೂ ಒಂದು ಅಂಕಿಯೂ ಇದೆಯೇ ನೋಡಿಕೊಳ್ಳಿ, ಅದು ಪರೀಕ್ಷೆಯಾದ ಬಲ್ಬಿನ ಗುರುತು.

ಪಿಕಪ್ ಓಡಿಸುವ ಅಣ್ಣಂದಿರಿಗೆ ಬೇರೆಯೇ ಒಂದು ಮಾತು. ಹಿಂದೆ ಟೊಮೆಟೊ ಕ್ರೇಟು ತುಂಬಿದಾಗ ಗಾಡಿಯ ಮೂತಿ ಮೇಲೇಳುತ್ತದೆ. ಆಗ ಡಿಮ್ ಕೂಡ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಸ್ಟೇರಿಂಗ್ ಹತ್ತಿರ 0ಯಿಂದ 3ರವರೆಗೆ ಅಂಕಿ ಇರುವ ಚಿಕ್ಕ ಚಕ್ರ ಕೆಲವು ಗಾಡಿಗಳಲ್ಲಿ ಇದೆ. ಲೋಡ್ ಇದ್ದಾಗ ಅದನ್ನು ಮೇಲಿನ ಅಂಕಿಗೆ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಚಕ್ರ ಇಲ್ಲದವರು ಗೋಡೆಯಿಂದ 25 ಅಡಿ ದೂರ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಗೋಡೆಯ ಮೇಲೆ ದೀಪದ ಎತ್ತರಕ್ಕಿಂತ ಮೂರು ನಾಲ್ಕು ಇಂಚು ಕೆಳಗಿರಬೇಕು. ಇಲ್ಲದಿದ್ದರೆ ಡೂಮಿನ ಹಿಂದಿನ ಸ್ಕ್ರೂ ತಿರುಗಿಸಿದರಾಯಿತು. ಬೈಕಿನವರೂ ಇದನ್ನು ನೋಡಿಕೊಳ್ಳಬೇಕು. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಇಂಜಿನ್ ಓಡುವಷ್ಟು ಹೊತ್ತೂ ಉರಿಯುತ್ತಿರುತ್ತದೆ. ಬ್ರೈಟಿನಲ್ಲೇ ಬಿಟ್ಟವರು ಹಗಲೂ ರಾತ್ರಿ ಬ್ರೈಟಿನಲ್ಲೇ.

ಎಪಿಎಂಸಿ, ಪಂಚಾಯಿತಿ, ಆರ್‌ಟಿಒ ಮೂವರಲ್ಲಿ ನಮ್ಮ ಕೋರಿಕೆ ಒಂದೇ. ತಿಂಗಳಿಗೊಂದು ದಿನ ಮಾರುಕಟ್ಟೆಯ ಅಂಗಳದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕೂರಿಸಿ, ಲೋಡಿಗೆ ಕಾಯುವ ಗಾಡಿಗಳ ಲೈಟು ನೋಡಿಸಿ. ಗೋಡೆ ಅಲ್ಲೇ ಇದೆ, ಬೇಕಾಗಿರುವುದು ಒಂದು ಮೀಟರು, ಒಂದು ಸ್ಕ್ರೂಡ್ರೈವರು. ಬಂದ ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದೆ ಒಂದು ಮೊಳ ಕೆಂಪು ರೇಡಿಯಂ ಪಟ್ಟಿ ಅಂಟಿಸಿ ಕಳಿಸಿ. ಆ ಪಟ್ಟಿಯ ಖರ್ಚನ್ನು ಮೊದಲ ತಿಂಗಳು ನಾವು ಕೊಡುತ್ತೇವೆ. ಎಲ್‌ಇಡಿ ಕಿತ್ತು ಇಟ್ಟ ಡಬ್ಬಿ ಇನ್ನೂ ಕಾರಿನ ಡಿಕ್ಕಿಯಲ್ಲೇ ಇದೆ, ಅದನ್ನು ಯಾರಿಗಾದರೂ ಮಾರೋಣ ಎಂದರೆ ನಮಗೆ ಮನಸ್ಸು ಬರುತ್ತಿಲ್ಲ.