ಟೋಸ್ಟೂ ತೃಷೆಯೂ

ಬೆಳಗಿನ ಉಪಾಹಾರದ ಟೋಸ್ಟನ್ನು ತಿನ್ನುತ್ತಾರೆ. ಇಂಗ್ಲಿಷರ ಔತಣಕೂಟದ ಟೋಸ್ಟನ್ನಾದರೋ ಕುಡಿಯುತ್ತಾರೆ. ಕೆಂಪಗೆ ಸುಟ್ಟ ಬ್ರೆಡ್ಡಿನ ಹೋಳಿಗೂ, ಗಣ್ಯರ ಆಯುರಾರೋಗ್ಯವನ್ನು ಹಾರೈಸಿ ಎತ್ತುವ ಪಾನಪಾತ್ರೆಗೂ ಒಂದೇ ಹೆಸರು ಹೇಗೆ ಬಂದಿತು?

ಒಂದಾನೊಂದು ಕಾಲದಲ್ಲಿ ಇವೆರಡೂ ಒಂದೇ ಬಟ್ಟಲಿನಲ್ಲಿದ್ದುವು. ಮದ್ಯಕ್ಕೆ ರುಚಿ ಬರಲೆಂದು ಸಂಬಾರ ಬೆರೆಸಿದ ಟೋಸ್ಟಿನ ತುಂಡನ್ನು ಅದರಲ್ಲಿ ಹಾಕುವುದು ಹಳೆಯ ಇಂಗ್ಲೆಂಡಿನ ರೂಢಿ. ಷೇಕ್ಸ್‌ಪಿಯರನ 'ದಿ ಮೆರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ, ಥೇಮ್ಸ್ ನದಿಯ ನೀರಿನಲ್ಲಿ ಮುಳುಗೆದ್ದು ಬಂದ ಡೊಳ್ಳುಹೊಟ್ಟೆಯ ಫಾಲ್‌ಸ್ಟಾಫನು ಮದ್ಯವನ್ನು ತರಿಸುವಾಗ ಅದರೊಳಗೊಂದು ಟೋಸ್ಟನ್ನು ಹಾಕಿಸಲು ಮರೆಯುವುದಿಲ್ಲ. ಚಹಾದಲ್ಲಿ ರಸ್ಕನ್ನು ಅದ್ದಿ ತಿನ್ನುವ ನಾವು ಅವನನ್ನು ಕಂಡು ನಗಬೇಕಾಗಿಲ್ಲ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಆ ರಸ್ಕಿಗೂ ಟೋಸ್ಟೆಂದೇ ಹೆಸರು!

ಮುಂದೆ ಬ್ರೆಡ್ಡಿನ ಸ್ಥಾನಕ್ಕೆ ಹೆಣ್ಣು ಬಂದಳು. 1709ರಲ್ಲಿ ರಿಚರ್ಡ್ ಸ್ಟೀಲನು ತನ್ನ 'ಟ್ಯಾಟ್ಲರ್' ಪತ್ರಿಕೆಯಲ್ಲಿ ಒಂದು ಕಥೆಯನ್ನು ಹೇಳಿದನು. ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ ಬಾತ್ ಪಟ್ಟಣದ ಬಿಸಿನೀರ ಕೊಳದಲ್ಲಿ ಸುಂದರಿಯೊಬ್ಬಳು ಮೀಯುತ್ತಿದ್ದಳಂತೆ. ಅವಳ ಆರಾಧಕನೊಬ್ಬನು ಅದೇ ನೀರನ್ನು ಬಟ್ಟಲಿನಲ್ಲಿ ಮೊಗೆದು, ಅವಳ ಆರೋಗ್ಯವನ್ನು ಹಾರೈಸಿ ಕುಡಿದನಂತೆ. ಅಲ್ಲಿಯೇ ಇದ್ದ ಅರೆಮತ್ತನೊಬ್ಬನು, ತನಗೆ ಆ ಪಾನ ಬೇಡ, ಅದರೊಳಗಿನ ಟೋಸ್ಟೇ ಬೇಕೆಂದು ಕೊಳಕ್ಕೆ ಹಾರಲು ಹೊರಟನಂತೆ. ಕಥೆಯೇನೋ ಸೊಗಸಾಗಿದೆ, ಸಂಶಯಕ್ಕೆ ಆ ಸೊಗಸೇ ಕಾರಣ. ಶಬ್ದದ ಹುಟ್ಟನ್ನು ಹೇಳುವ ಇಂಥ ಕಥೆಗಳು ಬಹುಮಟ್ಟಿಗೆ ಶಬ್ದ ಬೆಳೆದು ದೊಡ್ಡದಾದ ಮೇಲೆ ಹುಟ್ಟಿದವು. ಆದರೆ ಆ ಕಾಲದಲ್ಲಿ ಟೋಸ್ಟೆಂದರೆ, ಯಾರ ಹೆಸರನ್ನೆತ್ತಿ ಕುಡಿಯುತ್ತಿದ್ದರೋ ಆ ಹೆಣ್ಣೇ ಎಂಬುದು ದಿಟ. ಬ್ರೆಡ್ಡಿನ ತುಂಡಿನಂತೆ ಅವಳ ಹೆಸರೂ ಮದ್ಯಕ್ಕೆ ರುಚಿ ಕೊಡುವುದೆಂಬ ಭಾವ. ಗೌರವವೆಂದು ಅವರು ಎಷ್ಟೇ ಹೇಳಿಕೊಳ್ಳಲಿ, ಹೆಣ್ಣನ್ನು ನಂಜಿಕೊಳ್ಳುವ ಪದಾರ್ಥವನ್ನಾಗಿ ಮಾಡಿದ ಈ ರಸಿಕತೆ ನನಗೆ ಹಿಡಿಸದು.

ಅಮೆರಿಕನ್ನರ ಆಡುಮಾತಿನಲ್ಲಿ ಒಬ್ಬನು 'ಟೋಸ್ಟ್' ಆದನೆಂದರೆ ಅವನ ಕಥೆ ಮುಗಿಯಿತೆಂದರ್ಥ. 1984ರ 'ಘೋಸ್ಟ್‌ಬಸ್ಟರ್ಸ್' ಚಲನಚಿತ್ರದಿಂದ ಹಬ್ಬಿದ ಪ್ರಯೋಗವಿದು. ಹೊಸದಾದರೂ ಇದು ಶಬ್ದದ ಬೇರಿಗೆ ಹೆಚ್ಚು ಹತ್ತಿರ. ಏಕೆಂದರೆ ಟೋಸ್ಟಿನ ಮೂಲವು ಲ್ಯಾಟಿನ್ನಿನ 'ತೊರ್ರೆರೆ'. ಅಂದರೆ ಒಣಗಿಸು, ಸುಡು. ಅಲ್ಲಿಂದ ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು.

ಇನ್ನೂ ಹಿಂದಕ್ಕೆ ಹೋದರೆ ವಾಚಕರಿಗೆ ಪರಿಚಿತವಾದ ಮುಖವೊಂದು ಕಾಣುತ್ತದೆ. ಯೂರೋಪಿನ ಬಹುತೇಕ ಭಾಷೆಗಳಿಗೂ ಸಂಸ್ಕೃತಕ್ಕೂ ಸಮಾನವಾದ ಮೂಲಭಾಷೆಯಲ್ಲಿ ಒಣಗುವುದೆಂಬ ಅರ್ಥದ 'ತೆರ್ಸ್' ಎಂಬ ಧಾತುವಿತ್ತೆಂದು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಲ್ಯಾಟಿನ್ನಿನ 'ತೊರ್ರೆರೆ' ಅದರಿಂದಾದುದು. ಇಂಗ್ಲಿಷಿನ 'ಥರ್ಸ್ಟ್' ಅದರಿಂದಾದುದು. ಸಂಸ್ಕೃತದ 'ತೃಷ್' ಸಹ ಅದೇ. ಗಂಟಲೊಣಗಿದರೆ ತೃಷೆ, ಬಯಕೆಯಿಂದ ಮನಸ್ಸೇ ಒಣಗಿದರೆ ತೃಷ್ಣೆ. ಬಾತ್ ಪಟ್ಟಣದ ಆ ಅರೆಮತ್ತನಿಗೆ ಇದ್ದುದು ತೃಷೆಯಲ್ಲ, ತೃಷ್ಣೆ!

ದ್ರಾವಿಡಭಾಷೆಯಾದ ಕನ್ನಡಕ್ಕೆ ಇಬ್ಬರೂ ಅತಿಥಿಗಳೇ. ತೃಷೆಯು ಸಂಸ್ಕೃತದ ಜೊತೆಯಲ್ಲಿ ಎಂದೋ ಬಂದಿತು. ಟೋಸ್ಟು ಇಂಗ್ಲಿಷಿನ ಜೊತೆಯಲ್ಲಿ ಮೊನ್ನೆ ಬಂದಿತು. ದಾಯಾದಿಗಳಿಬ್ಬರು ಒಬ್ಬರನ್ನೊಬ್ಬರು ಗುರುತಿಸದೆ ನಮ್ಮ ಮನೆಯಲ್ಲಿ ಕುಳಿತಿದ್ದಾರೆ. ಇನ್ನು ಮನೆಯವಳೇ ಆದ 'ಬಾಯಾರಿಕೆ'ಯನ್ನು ಬಿಡಿಸಿ ನೋಡಿ: ಬಾಯಿ ಆರುವುದು, ಎಂದರೆ ಒಣಗುವುದು. ನಂಟಿಲ್ಲದಿದ್ದರೂ ಅವಳು ಹೇಳುತ್ತಿರುವುದು ಅದೇ ಮಾತನ್ನು.