ಗುಡ್ಡದ ಮನ್ಯಾಗ ಒಲಿ ಹಚ್ಚವರು ಯಾರು?

ಸಂಕ್ರಾಂತಿ ದಿನ ಕುಸುರೆಳ್ಳು ಕೊಡಾಕ ಬಂದವರೆಲ್ಲಾ ಒಂದ ಮಾತು ಕೇಳಿದ್ರು. "ಚಿಕ್ಕಮಗಳೂರ ಕಡೆ ಹೋಗಿದ್ರಂತಲ್ಲ, ಗುಡ್ಡದಾಗಿನ ಹಳೇ ಮನ್ಯಾಗ ಉಳದಿದ್ರಂತ, ಹೆಂಗಿತ್ತು?" ಫೋಟೋ ಎಲ್ಲಾರೂ ನೋಡ್ಯಾರ. ಹಂಚಿನ ಮನಿ, ಅಂಗಳದಾಗ ಒಣಾ ಹಾಕಿದ ಕಾಫಿ ಹಣ್ಣು, ಮುಂಜಾನೆ ಮಂಜು, ಹುಡುಗೂರು ಟೊಪಗಿ ಹಾಕ್ಕೊಂಡು ನಕ್ಕೋತ ನಿಂತದ್ದು. ಆ ಫೋಟೋದಾಗ ನಾನೂ ನನ್ನ ನೆಗೆಣ್ಣಿನೂ ಎಷ್ಟರಾಗ ಅದೀವಿ ಅಂತ ಯಾರೂ ಎಣಿಸಿಲ್ಲ. ನಾನು ಎಣಿಸೇನಿ. 214 ಫೋಟೋದಾಗ 11. ಅದರಾಗೂ ನಾಲ್ಕರಾಗ ನಮ್ಮ ಬೆನ್ನು ಅಷ್ಟ ಕಾಣಸ್ತದ, ಒಲಿ ಮುಂದ ಕೂತದ್ದು.

ಹೆಂಗಿತ್ತು ಅಂದವರಿಗೆಲ್ಲಾ "ಭಾಳ ಚೊಲೋ ಇತ್ತು" ಅಂದೆ. ಅದು ಸುಳ್ಳಲ್ಲ. ಆದ್ರ ಹೇಳದ ಬಿಟ್ಟ ಮಾತು ಒಂದದ. ಅದನ್ನ ಇಲ್ಲೆ ಹೇಳ್ತೀನಿ, ಯಾಕಂದ್ರ ಬ್ಯಾಸಗಿ ಸೂಟಿಗೆ ನಿಮ್ಮ ಮನ್ಯಾಗೂ ಇಂಥ ಮಾತು ಬರ್ತಾವ.

ಮನಿ ಗೊತ್ತು ಮಾಡಿದವರು ನನ್ನ ಮೈದುನ. ಮೊಬೈಲಿನ್ಯಾಗ "ರಸ್ಟಿಕ್ ಸ್ಟೇ" ಅಂತ ಬರದಿದ್ರಂತ. ಹಂಗಂದ್ರೇನು ಅಂತ ಕೇಳಿದ್ರ ನನ್ನ ಮಗಾ "ಅವ್ವಾ, ಹಳ್ಳಿ ಪದ್ಧತಿ ಮನಿ" ಅಂದ. ಮನಿ ಯಜಮಾನ್ತಿ ಫೋನಿನ್ಯಾಗ ಸ್ಪಷ್ಟ ಹೇಳಿದ್ರಂತ, "ಈಗ ಕಾಫಿ ಕೊಯ್ಲು ನಡೀತಿದೆ, ಆಳುಗಳೆಲ್ಲ ತೋಟದಲ್ಲಿರ್ತಾರೆ, ಅಡುಗೆ ಮಾಡಿಕೊಡೋಕೆ ಆಗಲ್ಲ, ನೀವೇ ಮಾಡ್ಕೋಬೇಕು" ಅಂತ. ಡಿಸೆಂಬರ್ ಕೊನಿ ವಾರ, ಅರೇಬಿಕಾ ಕೊಯ್ಲಿನ ಹೊತ್ತು. ಅವರ ಮಾತು ಖರೆ. ಆದ್ರ ಆ ಮಾತು ನಮ್ಮ ತನಕಾ ಬರೂದ್ರಾಗ "ಅಡಿಗಿಮನಿ ಅದ, ಎಲ್ಲಾ ಸೌಕರ್ಯ ಅದ" ಅಂತ ಆಗಿತ್ತು.

ಹೊಂಟವರು 9 ಮಂದಿ. ನಾವಿಬ್ಬರು, ಮೈದುನ, ನೆಗೆಣ್ಣಿ, ಎರಡೂ ಕಡೆ ಹುಡುಗೂರು ನಾಲ್ಕು, ಮತ್ತ ಅತ್ತಿಯವರು. ಅತ್ತಿಯವರಿಗೆ 72. ಯಲ್ಲಮ್ಮನ ಗುಡ್ಡ ಬಿಟ್ರ ಬ್ಯಾರೆ ಗುಡ್ಡ ಕಂಡವರಲ್ಲ. ಹಾವೇರಿ, ಹರಿಹರ, ಶಿವಮೊಗ್ಗ, ತರೀಕೆರೆ ದಾಟಿ ಆ ಮನಿ ಮುಟ್ಟೂದ್ರಾಗ ಸಂಜಿ ನಾಲ್ಕು ಹೊಡದಿತ್ತು. ಗಂಡಸರು ಇಳದವರ ಕೈ ಮ್ಯಾಲೆತ್ತಿ ಮೈ ಮುರದು "ಆಹಾ, ಏನು ಗಾಳಿ!" ಅಂದ್ರು. ನೆಗೆಣ್ಣಿ ಸೀದಾ ಒಳಗ ಹೋಗಿ ನೋಡಿ ಬಂದು ನನ್ನ ಕಿವ್ಯಾಗ ಹೇಳಿದ್ಲು, "ವೈನಿ, ಗ್ಯಾಸ್ ಒಂದ ಬರ್ನರಿಂದು. ಉಳದದ್ದೆಲ್ಲಾ ಕಟಗಿ ಒಲಿ."

ಮನಿಯೇನೋ ಚಂದ. ಗುಡ್ಡದ ಝರಿಯಿಂದ ಪೈಪಿನ್ಯಾಗ ತಾನ ಇಳದು ಬರೂ ನೀರು, ಅಲ್ಲೆ ಅದಕ್ಕ ಅಬ್ಬಿ ನೀರು ಅಂತಾರ. ಮೋಟರ್ ಬ್ಯಾಡ, ಕರೆಂಟ್ ಬ್ಯಾಡ, ಹಗಲೂ ರಾತ್ರಿ ಸುರೀತಿರ್ತದ. ವಾರಕ್ಕೊಮ್ಮೆ ನೀರು ಬಿಟ್ಟಾಗ ಕೊಡಾ ಹಿಡಕೊಂಡು ನಿಂತ ನಮಗ ಅದನ್ನ ನೋಡಿ ಹೊಟ್ಟಿಕಿಚ್ಚು ಆತು. ಆದ್ರ ಆ ನೀರು ಬೆರಳು ಮರಗಟ್ಟೂವಷ್ಟು ಥಂಡಿ. 9 ಮಂದಿ ಜಳಕಕ್ಕ ಹಂಡೆ ಕಾಯಬೇಕು. ಹಂಡೆ ಕಾಯಬೇಕಂದ್ರ ಬಚ್ಚಲ ಒಲಿ ಉರೀಬೇಕು. ಕಟಗಿ ಮಂಜಿಗೆ ಹಸೀ ಆಗಿ ಉರೀತಿದ್ದಿಲ್ಲ, ಹೊಗಿ ಅಷ್ಟ ಕೊಡ್ತಿತ್ತು. ಕಾಫಿ ಗಿಡದ ಒಣಾ ಕಡ್ಡಿ, ತೆಂಗಿನ ಚಿಪ್ಪು ಹಾಕಿ ಊದಬೇಕು, ಕಣ್ಣೀರು ಒರಸ್ಕೋಬೇಕು.

ಎರಡನೇ ದಿನದ ಲೆಕ್ಕ ಕೇಳ್ರಿ. ಮುಂಜಾನೆ ಐದೂವರಿಗೆ ನಾನು ಬಚ್ಚಲ ಒಲಿ, ಅಕಿ ಅಡಿಗಿ ಒಲಿ. ಚಹಾ ಎರಡು ಸರತಿ, ಉಪ್ಪಿಟ್ಟು, ಭಾಂಡಿ. ಆಮ್ಯಾಲೆ ಹೊತ್ತಿಗೆ ಇಪ್ಪತ್ತೈದು ಭಕ್ರಿ, ಝುಣಕ, ಅನ್ನ ಸಾರು, ಮತ್ತ ಭಾಂಡಿ. ಅತ್ತಿಯವರು ಕಟ್ಟಿ ಮ್ಯಾಲೆ ಕೂತು ಬಳ್ಳೊಳ್ಳಿ ಸುಲದು ಕೊಟ್ರು. ಅಷ್ಟರಾಗ ಗಂಡಸರೂ ಹುಡುಗೂರೂ ಗಾಡಿ ತಗೊಂಡು ಮುಳ್ಳಯ್ಯನಗಿರಿಗೆ ಹೋಗಿ ಬಂದ್ರು. ನಮ್ಮ ರಾಜ್ಯದಾಗ ಎಲ್ಲಕ್ಕಿಂತ ಎತ್ತರದ ಶಿಖರ, 1,900 ಮೀಟರಿಗಿಂತ ಹೆಚ್ಚದ. ಅಲ್ಲಿಂದ ಬಂದು "ನೀವು ಬರಬೇಕಾಗಿತ್ತು" ಅಂದ್ರು. ಭಕ್ರಿ ತಿನಕೋತ ಅಂದ್ರು.

ನನ್ನ ತಪ್ಪೂ ಅದ, ಮುಚ್ಚಿಡೂದಿಲ್ಲ. ನಾಲ್ಕು ಕಿಲೋ ಜೋಳದ ಹಿಟ್ಟು ಚೀಲಕ್ಕ ತುಂಬಿದಾಕಿ ನಾನ. ಯಾರೂ ಕೇಳಿದ್ದಿಲ್ಲ. "ಭಕ್ರಿ ಇಲ್ಲಂದ್ರ ಇವರಿಗೆ ಊಟ ಆದಂಗ ಆಗೂದಿಲ್ಲ" ಅಂತ ನಾನ ಅನಕೊಂಡೆ. ಆಮ್ಯಾಲೆ ಸಿಟ್ಟಿಗೆದ್ದು ಹೇಳಿದ್ರ ನಮ್ಮವರು "ಯಾರು ಮಾಡು ಅಂದ್ರು? ಮ್ಯಾಗಿ ತಿಂತಿದ್ವಿ" ಅಂದ್ರು. ಈ ಮಾತು ಕೇಳದ ಇರೂ ಹೆಂಗಸು ನಮ್ಮ ಓಣ್ಯಾಗ ಇದ್ರ ಹೇಳ್ರಿ. ಆದ್ರ ಮ್ಯಾಗಿ ಕುದಿಸಾಕೂ ಒಲಿ ಹಚ್ಚಬೇಕು, ಬೋಗೋಣಿ ತೊಳೀಬೇಕು. ಅದನ್ನ ಯಾರು ಮಾಡ್ತಿದ್ರು ಅನ್ನೂದಕ್ಕ ಅವರ ಹಂತ್ಯಾಕ ಉತ್ತರ ಇದ್ದಿಲ್ಲ.

ಆ ರಾತ್ರಿ ನಡದದ್ದು ಹೇಳಾಕ ಈಗೂ ಮೈ ನಡುಗ್ತದ. ಥಂಡಿ ಭಾಳ ಇತ್ತು. ಕರೆಂಟ್ ಹೋಗಿತ್ತು. ನಾನೂ ನೆಗೆಣ್ಣಿನೂ ದಣದು ಮಲಕೊಂಡಿದ್ವಿ. ಮೈದುನ ಒಳ್ಳೇ ಮನಸಿನಿಂದನ, ಹುಡುಗೂರಿಗೆ ಬೆಚ್ಚಗಾಗ್ಲಿ ಅಂತ ಒಲ್ಯಾಗಿನ ಕೆಂಡ ಕಬ್ಬಿಣದ ಬುಟ್ಯಾಗ ತುಂಬಿ ಅವರು ಮಲಗೂ ಖೋಲ್ಯಾಗ ಇಟ್ಟು, ಕಿಡಕಿ ಬಾಗಲಾ ಎಲ್ಲಾ ಗಟ್ಟಿ ಮುಚ್ಚಿ ಬಂದಾರ. ಹೊಗಿ ಇಲ್ಲಲ್ಲ, ಏನಾಗ್ತದ ಅಂತ. ನಡುರಾತ್ರಿ ಅತ್ತಿಯವರು ಎದ್ದು ಹೋಗೂ ಮುಂದ ನನ್ನ ಸಣ್ಣ ಮಗಾ ವಾಂತಿ ಮಾಡ್ಕೊಳ್ಳೂ ಸಪ್ಪಳ ಕೇಳಿ ಬಾಗಲಾ ತಗದಾರ. ಕೆಂಡ ಕಂಡವರ ಒದರಿದ್ರು. ಎಲ್ಲಾ ಹುಡುಗೂರನ್ನ ಎತ್ತಿಕೊಂಡು ಅಂಗಳಕ್ಕ ತಂದ್ವಿ. ತಲಿ ನೋವು, ತಲಿ ಸುತ್ತು ಅಂತಿದ್ರು. ಕೌದಿ ಹೊಚ್ಚಿ ಕಟ್ಟಿ ಮ್ಯಾಲೆ ಕೂಡಿಸಿಕೊಂಡ್ವಿ. ಬೆಳಕು ಹರಿಯೂ ಮುಂಚೆನ ದವಾಖಾನಿಗೆ ಹೋದ್ವಿ. ದೇವರ ದಯಾ, ಏನೂ ಆಗಿದ್ದಿಲ್ಲ.

ಡಾಕ್ಟರ್ ಹೇಳಿದ್ದು ಎಲ್ಲಾರೂ ತಿಳ್ಕೋರಿ. ಮುಚ್ಚಿದ ಖೋಲ್ಯಾಗ ಕೆಂಡ, ಇದ್ದಲಿ ಇಟ್ರ ಕಾರ್ಬನ್ ಮೊನಾಕ್ಸೈಡ್ ಅನ್ನೂ ವಿಷದ ಗಾಳಿ ತುಂಬ್ತದ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಾಗ ಆಮ್ಲಜನಕ ಇರಬೇಕಾದ ಜಾಗಾನ ಅದು ಹಿಡೀತದ. ಮಲಗಿದವರು ಮಲಗಿದಂಗ ಹೋಗಿಬಿಡ್ತಾರ. ಬಚ್ಚಲದಾಗ ಗಾಳಿ ಆಡೂ ಜಾಗಾ ಇಲ್ಲದ ಕಡೆ ಗ್ಯಾಸ್ ಗೀಸರ್ ಹಚ್ಚಿದ್ರೂ ಇದ ಕಥಿ. ಹೊಗಿ ಇಲ್ಲ ಅಂದ್ರ ಭಯ ಇಲ್ಲ ಅಂತ ತಿಳೀಬ್ಯಾಡ್ರಿ. ಇಂಥ ಜಾಗಾದಾಗ ತಲಿ ನೋವು, ವಾಂತಿ ಶುರು ಆದ್ರ ಮೊದಲು ಹೊರಗ ಬರ್ರಿ, ಆಮ್ಯಾಲೆ ದವಾಖಾನಿಗೆ ಹೋಗ್ರಿ.

ಅತ್ತಿಯವರಿಗೆ ಇದು ಡಾಕ್ಟರ್ ಹೇಳೂಕಿಂತ ಮುಂಚೆನ ಗೊತ್ತಿತ್ತು. "ಬಾಣಂತಿ ಖೋಲ್ಯಾಗ ಅಗ್ಗಿಷ್ಟಿಗಿ ಇಟ್ರೂ ಬಾಗಲಾ ಸ್ವಲ್ಪ ತಗದ ಇಡ್ತಿದ್ವಿ. ರಾತ್ರಿ ಮಲಗೂ ಮುಂದ ಕೆಂಡ ಹೊರಗ ಒಯ್ತಿದ್ವಿ" ಅಂದ್ರು. ಅವರು 23 ವರ್ಷ ಕಟಗಿ ಒಲಿ ಮುಂದ ಕೂತವರು. ನನ್ನ ಮೈದುನ ಎಂಜಿನಿಯರ್. ಆದ್ರ ಹುಟ್ಟಿದಾಗಿಂದ ಒಮ್ಮೆನೂ ಒಲಿ ಹಚ್ಚಿಲ್ಲ, ಆರಿಸಿಲ್ಲ. ಹಂಗಾಗಿ ಬೆಂಕಿ ಹೆಂಗ ಇರ್ತದ ಅನ್ನೂದು ಅವರಿಗೆ ತಿಳಿದಿದ್ದಿಲ್ಲ.

ನಾನು ಹೇಳಬೇಕಂತಿರೂ ಮಾತು ಇಲ್ಲೇ ಅದ. ಹಳೇ ಪದ್ಧತಿ ಮನಿ ಅಂದ್ರ ಕೆಲಸ ಇರೂ ಮನಿ. ಪ್ಯಾಟಿ ಮನ್ಯಾಗ ಬಟನ್ ಒತ್ತಿದ್ರ ಆಗೂದು ಅಲ್ಲೆ ಕೈಲೆ ಆಗಬೇಕು. ಆ ಕೆಲಸ ಹೆಂಗಸರ ಮ್ಯಾಲೆ ಹಾಕಿದ್ರ ಉಳದವರಿಗೆ ಅದು ಸೂಟಿ, ಹೆಂಗಸರಿಗೆ ಊರು ಬದಲಾದ ಅಡಿಗಿಮನಿ. ಇದು ನ್ಯಾಯದ ಮಾತಷ್ಟ ಅಲ್ರಿ. ಆ ಮನಿ ಕೆಲಸ ಗೊತ್ತಿಲ್ಲದವರು ಆ ಮನ್ಯಾಗ ಮಲಗೂದು ಅಪಾಯನೂ ಹೌದು. ಅಲ್ಲೆ ಇರೂ ಅಷ್ಟೂ ಮಂದಿ ಒಲಿ ಹಚ್ಚಾಕ, ಆರಿಸಾಕ ಕಲೀಬೇಕು.

ನಮ್ಮ ವೈನಿ ಒಬ್ಬರು ಅಂದ್ರು, "ಅದಕ್ಕ ನಾನು ಅನ್ನೂದು, ರೆಸಾರ್ಟಿಗೆ ಹೋಗ್ರಿ ಅಂತ." ಒಪ್ಪೂದಿಲ್ಲ ನಾನು. 9 ಮಂದಿಗೆ ರೆಸಾರ್ಟಿನ ರೊಕ್ಕಾ ನಮ್ಮಂಥವರಿಗೆ ಆಗೂದಿಲ್ಲ. ಮತ್ತ ಹಂಡೆ ನೀರಿನ ಜಳಕ, ಕೆಂಡದ ಮ್ಯಾಲೆ ಉಬ್ಬಿದ ಭಕ್ರಿ, ರಾತ್ರಿ ಆ ನೀರಿನ ಸಪ್ಪಳ, ಇವೆಲ್ಲಾ ನನಗೂ ಬೇಕು. ನನ್ನ ಪಾಲಿಗೂ ಬರಬೇಕು ಅಂತೀನಿ, ಅಷ್ಟ.

ಮೂರನೇ ದಿನ ನಾನು ಬಾಯಿ ಬಿಟ್ಟು ಹೇಳಿದೆ, "ಇವತ್ತ ನಾವಿಬ್ಬರೂ ಒಲಿ ಮುಂದ ಕೂಡೂದಿಲ್ಲ." ರಾತ್ರಿ ಆದದ್ದು ನೋಡಿ ಯಾರೂ ಎದುರು ಮಾತಾಡಲಿಲ್ಲ. ಅತ್ತಿಯವರು ಕಟ್ಟಿ ಮ್ಯಾಲೆ ಕೂತು ಮಗನಿಗೆ ಹೇಳಿಕೊಟ್ರು. ಸಣ್ಣ ಕಡ್ಡಿ ಮೊದಲು, ಗಾಳಿ ಆಡಾಕ ಸಂದಿ ಬಿಡು, ದಪ್ಪ ಕಟಗಿ ಆಮ್ಯಾಲೆ. ಮುಕ್ಕಾಲು ತಾಸು ಹಿಡೀತು. ವಗ್ಗರಣಿ ಅವಲಕ್ಕಿ ಆತು, ಉಪ್ಪು ಜಾಸ್ತಿ ಇತ್ತು, ಸುಮ್ಮ ತಿಂದ್ವಿ. ಭಾಂಡಿ ನಮ್ಮವರೂ ದೊಡ್ಡ ಮಗಾನೂ ತಿಕ್ಕಿದ್ರು. ಹತ್ತು ಗಂಟೆಕ್ಕ ಎಲ್ಲಾರೂ ಕೂಡಿ ಮತ್ತ ಮುಳ್ಳಯ್ಯನಗಿರಿಗೆ ಹೋದ್ವಿ. ಮೊಣಕಾಲ ನೋವಿಗೆ ಅತ್ತಿಯವರಿಗೆ ಮ್ಯಾಲಿನ ಮೆಟ್ಟಿಲು ಹತ್ತಾಕ ಆಗಲಿಲ್ಲ. ನಾನು ಅವರ ಜೋಡಿ ಕೆಳಗ ಕೂತೆ. ಮಂಜು ಸರದು ಗುಡ್ಡದ ಹಿಂದ ಗುಡ್ಡ ಕಂಡ್ವು. ಒಂದು ತಾಸು ಕೂತ್ರೂ ಅವರು ಹೆಚ್ಚು ಮಾತಾಡಲಿಲ್ಲ. "ಹಿಂದಿನ ದಿನಾನ ಬರಬೇಕಾಗಿತ್ತು" ಅಂದ್ರು ಅಷ್ಟ.

ಹಂಗಾಗಿ, ಅಕ್ಕಾರ, ವೈನ್ಯಾರ, ರೊಕ್ಕಾ ಕಟ್ಟೂ ಮುಂಚೆ ಫೋನ್ ನೀವ ತಗೋರಿ. ಒಲಿ ಯಾವುದು, ಬಿಸಿನೀರು ಹೆಂಗ, ಕರೆಂಟ್ ಹೋದ್ರ ಏನು, ಅಡಿಗಿ ಯಾರು ಮಾಡ್ತಾರ, ದವಾಖಾನಿ ಎಷ್ಟು ದೂರ, ಎಲ್ಲಾ ಕೇಳ್ರಿ. ನಾವ ಅಡಿಗಿ ಮಾಡೂದಾದ್ರ ಹೊಂಟೂ ಮುಂಚೆನ ಹಾಳಿ ಮ್ಯಾಲೆ ಹೆಸರು ಹಾಕಿ ಬರೀರಿ: ಬಚ್ಚಲ ಒಲಿ ಯಾರದು, ಭಾಂಡಿ ಯಾರದು, ಯಾವ ಹೊತ್ತಿನ ಅಡಿಗಿ ಯಾರದು. ಅಲ್ಲೆ ಹೋಗಿ ಹಂಚಿಕೊಂಡ್ರಾತು ಅಂದ್ರ ಆಗೂದಿಲ್ಲ, ನಾನು ನೋಡೇನಿ. ಭಕ್ರಿ ಹಿಟ್ಟು ಮನ್ಯಾಗ ಬಿಡ್ರಿ. ಒಂದ ಬೋಗೋಣ್ಯಾಗ ಆಗೂ ಅಡಿಗಿ ಸಾಕು, ನಾಲ್ಕು ದಿನಕ್ಕ ಯಾರೂ ಸೊರಗೂದಿಲ್ಲ.

ಮನಿಯವರ ಅಡಿಗಿ ಮಾಡಿಕೊಡೂದಾದ್ರ ಇನ್ನೂ ಚೊಲೋ. ಆದ್ರ ಅಲ್ಲೆ ಒಲಿ ಮುಂದ ಕೂಡಾಕಿನೂ ಒಬ್ಬ ಹೆಂಗಸ. ಆ ಯಜಮಾನ್ತಿ ದಿನಾ ಸಂಜಿ ತನಕಾ ಕಣದಾಗ ಕಾಫಿ ಕೆದರಿ, ಹೊತ್ತು ಮುಳಗಿದ ಮ್ಯಾಲೆ ಮನಿ ಅಡಿಗಿಗೆ ನಿಲ್ಲತಿದ್ರು. ಊಟಕ್ಕ ಒಬ್ಬರಿಗೆ ಇಷ್ಟು ಅಂತ ಅವರು ಹೇಳಿದಾಗ "ಭಾಳಾತು, ಕಡಿಮಿ ಮಾಡ್ಕೊರಿ" ಅನ್ನಾಕ ಮೊದಲು ಬಾಯಿ ತಗಿಯೂದು ನಾವ ಹೆಂಗಸರು. ಹಂಗ ಅನಬ್ಯಾಡ್ರಿ. ಎಷ್ಟು ಮಂದಿ ಉಣ್ತೀವಿ ಅಂತ ಹಿಂದಿನ ದಿನಾನ ಹೇಳ್ರಿ, ಕೇಳಿದಷ್ಟು ಕೊಡ್ರಿ, ತಾಟು ನಾವ ಎತ್ತಿಡೂಣು.

ಮೇ ತಿಂಗಳಿಗೆ ನಮ್ಮವರು ಮತ್ತ ಎಲ್ಯೋ ಮನಿ ನೋಡಾಕತ್ಯಾರ. ಈ ಸಲ ಹಾಳಿ ನಾನ ಬರದು ಫ್ರಿಜ್ ಮ್ಯಾಲೆ ಅಂಟಿಸೇನಿ. ಮೊದಲನೇ ದಿನದ ಬಚ್ಚಲ ಒಲಿ ಮೈದುನಂದು.