ಗಾಲಿಯ ಸಮತೂಕ

ಸುಖವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಾವು ಅದು ಎಲ್ಲಿಂದ ಬಂದಿತೆಂದು ವಿಚಾರಿಸುವುದು ಅಪೂರ್ವ. ಋಗ್ವೇದದಲ್ಲಿ ಈ ಶಬ್ದವು ರಥಕ್ಕೆ ವಿಶೇಷಣವಾಗಿ ಬರುತ್ತದೆ. 'ಖ' ಎಂದರೆ ರಂಧ್ರ. ಅಚ್ಚು ಹೊಗುವ ಗುಂಬದ ರಂಧ್ರವು ಚೆನ್ನಾಗಿದ್ದು, ಅಡೆತಡೆಯಿಲ್ಲದೆ ಓಡುವ ರಥವೇ ಸುಖವಾದ ರಥವೆಂದು ಶಬ್ದಜ್ಞರು ಹೇಳುವರು. ಋಭುಗಳು ಅಶ್ವಿನೀದೇವತೆಗಳಿಗಾಗಿ ಅಂತಹ ರಥವೊಂದನ್ನು ನಿರ್ಮಿಸಿದರೆಂದು ಮೊದಲನೆಯ ಮಂಡಲದಲ್ಲಿದೆ. ಆದಕಾರಣ ಈ ತಿಂಗಳು ನಾವು ಗಾಲಿಯ ವಿಷಯವನ್ನೆತ್ತಿಕೊಂಡರೆ, ಸಂಸಾರದ ಸುಖವನ್ನು ಬಿಟ್ಟು ದೂರ ಹೋದೆವೆಂದು ವಾಚಕರು ಭಾವಿಸಲಾಗದು.

ನಮ್ಮ ತಂಗಿಯ ಮಗನು ಹಾಸನದಲ್ಲಿ ಉದ್ಯೋಗದಲ್ಲಿದ್ದಾನೆ. ಪ್ರತಿ ಶನಿವಾರ ಮೋಟಾರು ಸೈಕಲ್ಲಿನಲ್ಲಿ ಮೈಸೂರಿಗೆ ಬರುವನು. ಮುಂದಿನ ಗಾಲಿಗೆ ಹೊಸ ಟೈರನ್ನು ಹಾಕಿಸಿದಂದಿನಿಂದ, ವೇಗವು ಗಂಟೆಗೆ 70 ಕಿಲೋಮೀಟರನ್ನು ಮುಟ್ಟಿದೊಡನೆ ಹ್ಯಾಂಡಲ್ಲು ನಡುಗತೊಡಗಿತು. ಮನೆ ಸೇರುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತಿತ್ತು. ಟೈರು ಹಾಕಿದ ಅಂಗಡಿಯಲ್ಲಿದ್ದ ಯಂತ್ರವು ಕಾರಿನ ಗಾಲಿಗೆ ಮಾತ್ರ ಒಪ್ಪುವಂತಹುದು. "ಬೈಕಿಗೆ ಅದೆಲ್ಲ ಬೇಕಾಗಿಲ್ಲ" ಎಂದು ಅವರು ಕಳುಹಿಸಿಬಿಟ್ಟರು. ಅಂದಿನಿಂದ ಶನಿವಾರ ಸಂಜೆಯಾದರೆ ನಮ್ಮ ತಂಗಿಯು ಬಾಗಿಲನ್ನು ಬಿಟ್ಟು ಕದಲಳು.

ಬೇಕೇ ಬೇಡವೇ ಎಂಬುದನ್ನು ಗಣಿತದಿಂದ ನೋಡೋಣ. ಟೈರಿನ ಅಂಚಿನಲ್ಲಿ ಒಂದು ಮಗ್ಗುಲಿಗೆ 30 ಗ್ರಾಂ ತೂಕವು ಹೆಚ್ಚಾಗಿದೆಯೆಂದೂ ಗಾಲಿಯ ತ್ರಿಜ್ಯವು 30 ಸೆಂಟಿಮೀಟರೆಂದೂ ಇಟ್ಟುಕೊಂಡರೆ, ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಗಾಲಿಯು ಸೆಕೆಂಡಿಗೆ ಹತ್ತು ಸುತ್ತಿಗೂ ಮಿಗಿಲಾಗಿ ತಿರುಗುವುದು. ಆಗ ಆ 30 ಗ್ರಾಂ ಅಚ್ಚನ್ನು ಹೊರಮುಖವಾಗಿ ಎಳೆಯುವ ಬಲವು ಸುಮಾರು 4 ಕಿಲೋಗ್ರಾಂ ಭಾರಕ್ಕೆ ಸಮ. ವೇಗವು ಅರ್ಧವಾದರೆ ಬಲವು ಕಾಲುಭಾಗಕ್ಕಿಳಿಯುವುದು. ಊರೊಳಗೆ ತೋರದ ದೋಷವು ಹೆದ್ದಾರಿಯಲ್ಲಿ ತೋರುವುದು ಈ ಕಾರಣದಿಂದಲೇ.

ಆದರೆ ನಡುಗುವುದೆಲ್ಲವೂ ತೂಕದ ದೋಷವಲ್ಲ. ಸ್ಪೋಕು ಸಡಿಲವಾಗಿದ್ದರೂ, ರಿಮ್ಮು ಡೊಂಕಾಗಿದ್ದರೂ, ಟೈರಿನ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದರೂ, ಬೇರಿಂಗು ಸವೆದಿದ್ದರೂ, ಗಾಳಿ ಕಡಿಮೆಯಾಗಿದ್ದರೂ ಹಾಗೆಯೇ ಆಗುವುದು. ಇವನ್ನು ಮೊದಲು ನೋಡಿಸಿಕೊಂಡು ಬಾ ಎಂದೆವು. ಎಲ್ಲವೂ ಸರಿಯಾಗಿದ್ದವು.

ಅನಂತರ ನಮ್ಮ ಜಗಲಿಯಲ್ಲೇ ಪರೀಕ್ಷೆ ನಡೆಯಿತು. ಪರಿಚಿತ ಮೆಕ್ಯಾನಿಕ್ಕನು ಗಾಲಿಯನ್ನು ಕಳಚಿ ಕೊಟ್ಟನು. ಅಚ್ಚಿನ ರಂಧ್ರದಲ್ಲಿ ನೆಟ್ಟನೆಯ ಉಕ್ಕಿನ ಸರಳನ್ನು ತೂರಿಸಿ, ಅದರ ಎರಡು ತುದಿಗಳನ್ನು ಸಮ ಎತ್ತರದ ಎರಡು ಸ್ಟೂಲುಗಳ ಮೇಲಿರಿಸಿ, ರಸಮಟ್ಟದಿಂದ ಮಟ್ಟ ನೋಡಿದೆವು. ಗಾಲಿಯನ್ನು ಮೆಲ್ಲನೆ ತಿರುಗಿಸಿ ಕೈಬಿಟ್ಟರೆ, ಅದು ಅತ್ತಿತ್ತ ತೂಗಾಡಿ, ಭಾರವಾದ ಮಗ್ಗುಲನ್ನು ಕೆಳಗೆ ಮಾಡಿ ನಿಲ್ಲುವುದು. ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಬೇರೆ ಬೇರೆ ಎಡೆಗಳಿಂದ ಮೂರು ಸಲ ಬಿಟ್ಟರೂ ಅದೇ ಗುರುತು ಕೆಳಗೆ ಬಂದರೆ ಸಾಕ್ಷ್ಯವು ಗಟ್ಟಿ. ಬೇರಿಂಗು ಬಿಗಿಯಾಗಿದ್ದರೆ ಮಾತ್ರ ಈ ಸಾಕ್ಷ್ಯವನ್ನು ನಂಬಲಾಗದು.

ಗುರುತಿಗೆ ನೇರ ಎದುರಾಗಿ, ರಿಮ್ಮಿನ ಮೇಲೆ ತೂಕವನ್ನು ಸೇರಿಸುತ್ತ ಹೋಗಬೇಕು. ನಮ್ಮ ಮನೆಯವರು ಚಪಾತಿಗೆಂದು ಕಲಸಿಟ್ಟಿದ್ದ ಹಿಟ್ಟು ಈ ಕಾರ್ಯಕ್ಕೆ ಒದಗಿತು. ಚಿಟಿಕೆ ಚಿಟಿಕೆಯಾಗಿ ಅಂಟಿಸಿ, ಗಾಲಿಯನ್ನು ಎಲ್ಲಿ ಬಿಟ್ಟರೂ ಅಲ್ಲಿಯೇ ನಿಲ್ಲುವಂತಾದಾಗ, ಹಿಟ್ಟನ್ನು ಒಣಗುವ ಮುನ್ನವೇ ತೆಗೆದು ಅಡಿಗೆಮನೆಯ ತಕ್ಕಡಿಯಲ್ಲಿಟ್ಟೆವು: 55 ಗ್ರಾಂ. ಅಷ್ಟೇ ತೂಕದ ಸೀಸವನ್ನು ಅಂಟಿಸಿದರೆ ಮುಗಿಯಿತೆಂದು ನಾವು ಹಿಗ್ಗಿದೆವು.

ಮೆಕ್ಯಾನಿಕ್ಕನು ತಲೆಯಾಡಿಸಿ, "ಮೇಷ್ಟ್ರೇ, ತೂಕ ಸೇರಿಸುವ ಮೊದಲು ಟೈರನ್ನೇ ತಿರುಗಿಸಿ ನೋಡೋಣ" ಎಂದನು. ಹಲವು ಟೈರುಗಳ ಮಗ್ಗುಲಲ್ಲಿ ಬಣ್ಣದ ಚುಕ್ಕೆಯೊಂದಿರುವುದು. ಹಗುರವಾದ ಎಡೆಯನ್ನು ತೋರಿಸುವ ಚುಕ್ಕೆಯಾದರೆ, ಅದನ್ನು ತೂಕವುಳ್ಳ ವಾಲ್ವಿನ ಬಳಿ ಕೂರಿಸುವುದು ಕ್ರಮ. ನಮ್ಮದು ವಾಲ್ವಿಗೆ ತೀರ ಎದುರಾಗಿ ಕುಳಿತಿತ್ತು! ಗಾಳಿ ಬಿಟ್ಟು, ಟೈರನ್ನು ಅರ್ಧ ಸುತ್ತು ಸರಿಸಿ, ಮರಳಿ ತೂಗಿದಾಗ 15 ಗ್ರಾಂ ಸಾಕಾಯಿತು. ದೋಷವನ್ನು ಸರಿಗಟ್ಟುವ ಮೊದಲು ಅದನ್ನು ತಗ್ಗಿಸಬೇಕೆಂಬ ನ್ಯಾಯವನ್ನು ಮೂವತ್ತು ವರ್ಷ ಪಾಠ ಹೇಳಿದ ನಾವು ಅಂದು ಆ ಮೆಕ್ಯಾನಿಕ್ಕನಿಂದ ಕಲಿತೆವು.

ಸೀಸವು ವಿಷವಾದುದರಿಂದ, ಮಕ್ಕಳಿರುವ ಮನೆಯಲ್ಲಿ ಸತುವಿನ ಅಥವಾ ಉಕ್ಕಿನ ತೂಕಗಳೇ ಮೇಲು. ರಿಮ್ಮನ್ನು ಜಿಡ್ಡಿಲ್ಲದಂತೆ ಒರೆಸಿ ಅಂಟಿಸಬೇಕು. ಸ್ಪೋಕಿಗೆ ಬಿಗಿಯುವ ತೂಕಗಳೂ ಉಂಟು.

"ಮಾವ, ಟೈರಿನೊಳಗೆ ಹಾಕುವ ಗಾಜಿನ ಮಣಿಗಳು ಸಿಕ್ಕುತ್ತವಂತೆ, ಅವು ತಾವಾಗಿಯೇ ಸರಿದು ತೂಕವನ್ನು ಸಮ ಮಾಡುತ್ತವಂತೆ" ಎಂದು ನಮ್ಮ ಅಳಿಯನು ಕೇಳಿದನು. ಉಂಟು, ಆದರೆ ವೇಗವು ಏರಿದ ಮೇಲೆಯೇ ಅವುಗಳ ಕೆಲಸ, ಮೆಲ್ಲನೆ ಹೋಗುವಾಗ ಸುಮ್ಮನೆ ಉರುಳಾಡುವುವು. ತೇವ ತಗಲಿದರೆ ಗಂಟು ಕಟ್ಟುವುವು; ವಾಲ್ವಿಗೂ ಅಡ್ಡಬರಬಹುದು. ಪಂಕ್ಚರಿಗೆಂದು ತುಂಬುವ ದ್ರವವಾದರೋ, ಗಾಡಿ ನಿಂತಾಗ ಕೆಳಗೆ ಸೇರಿ ತಾನೇ ಭಾರವಾಗುವುದು. ನಿಲ್ಲಿಸಿ ಪರೀಕ್ಷಿಸಲು ಬರುವ ಉಪಾಯವನ್ನೇ ನಾವು ಆರಿಸಿಕೊಂಡೆವು. ಕಾರಿನ ಅಗಲವಾದ ಗಾಲಿಗೆ ಯಂತ್ರವು ಅವಶ್ಯ. ಬೈಕಿನ ಕಿರಿದಾದ ಗಾಲಿಗೆ ಸಾಮಾನ್ಯವಾಗಿ ಇಷ್ಟು ಸಾಕು.

ಒಂದು ಮಾತನ್ನು ಒತ್ತಿ ಹೇಳುವೆವು. ತೂಗುವುದು ಮನೆಯವರ ಕೆಲಸವಾಗಬಹುದು. ಗಾಲಿಯನ್ನು ಕಳಚುವುದೂ ಅಚ್ಚಿನ ನಟ್ಟನ್ನು ಬಿಗಿಯುವುದೂ ಬ್ರೇಕನ್ನು ಜೋಡಿಸುವುದೂ ಬಲ್ಲವರ ಕೆಲಸ. ಬ್ರೇಕನ್ನು ಮನೆಯ ಮುಂದೆಯೇ ನಾಲ್ಕು ಸಲ ಹಿಡಿದು ನೋಡದೆ ರಸ್ತೆಗೆ ಇಳಿಯಲಾಗದು.

ಮುಂದಿನ ಶನಿವಾರ ಹುಡುಗನು ಬಂದಿಳಿದನು. ತಾಯಿಯು ಏನನ್ನೂ ಕೇಳದೆ ಅವನ ಎರಡು ಅಂಗೈಗಳನ್ನೂ ಹಿಡಿದು ನೋಡಿದಳು. "ಜೋಮಿಲ್ಲಮ್ಮ" ಎಂದನು. ಆಮೇಲೆಯೇ ಅವಳು ಒಳಗೆ ಹೋಗಿ ಒಲೆ ಹಚ್ಚಿದುದು.